ಸುದ್ದಿ ತಾನಾಗಿ ಬರುವುದಿಲ್ಲ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸುದ್ದಿ ತಾನಾಗಿ ಪತ್ರಿಕೆಗೆ ಬರುವುದಿಲ್ಲ, ಮುಟ್ಟಿಸುವವರು ಬೇಕು.

ತಂಬಾಕಿನ ಪೊಟ್ಟಣದ ಶೇಕಡಾ 85 ಭಾಗ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮ 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು. ಸರಕಾರ ಮುಂದೂಡಿತು. ತಂಬಾಕು ಜಗಿದು ಬಾಯಿಯ ಕ್ಯಾನ್ಸರಿಗೆ ತುತ್ತಾಗಿದ್ದ 28 ವರ್ಷದ ತಾಯಿ ಸುನೀತಾ ತೋಮರ್ ಅವರು ಇದನ್ನು ವಿರೋಧಿಸಿ ಪ್ರಧಾನಿಗೆ ಪತ್ರ ಬರೆದರು. ಅದೇ ಏಪ್ರಿಲ್ 1ರಂದು ನಮ್ಮ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ತಂಬಾಕಿನ ವಿರುದ್ಧ ದುಡಿಯುವ ವೈದ್ಯರು ಆಕೆಯ ಕಥೆಯನ್ನು ಪತ್ರಿಕೆಗಳಿಗೆ ತಿಳಿಸಿದರು. ಅಂಕಿಗಳನ್ನು ಓದಿ ಮರೆಯುವವರೂ ಆ ಮುಖವನ್ನು ಮರೆಯಲಿಲ್ಲ. 2016ರ ಏಪ್ರಿಲಿನಲ್ಲಿ ನಿಯಮ ಜಾರಿಗೆ ಬಂತು. ಕೋರ್ಟಿನ ಆಜ್ಞೆಯೂ ನೆರವಾಯಿತು.

ಪಾಳಿ ಮುಗಿದೊಡನೆ ಬೀಡಿ ಹಚ್ಚುವವರು, ದವಡೆಗೆ ತಂಬಾಕು ಇಡುವವರು ನಮ್ಮಲ್ಲೂ ಇದ್ದೇವೆ. ನಮ್ಮ ನೋವನ್ನು ನಾವೇ ಮುಚ್ಚಿಟ್ಟರೆ ಬರೆಯುವವರು ಯಾರು? ಕಾಯಿಲೆಯಾದವರು ನಾಚದೆ ಹೇಳೋಣ. ನಮ್ಮ ಪತ್ರಿಕೆಯೇ ಮೊದಲು ಅಚ್ಚುಮಾಡಲಿ.