ಪಟದೊಳಗಿನ ಅರಸನ ಬಟ್ಟೆ

(ತಂಪಾನೂರಿನಲ್ಲಿ ಸೇರಿದ್ದ ಕನ್ನಡ ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ ಲಕ್ಷ್ಮಿಯ ಪಟವನ್ನು ತಾವೆಲ್ಲ ದಿನವೂ ನೋಡುತ್ತೀರಿ. ಅಂಥ ಪಟಗಳು ಬಡವರ ಗೋಡೆಗೂ ಬರುವಂತೆ ಮಾಡಿದವರಲ್ಲಿ ಮುಖ್ಯನಾದವನು ಇದೇ ತಿರುವಾಂಕೂರು ಸೀಮೆಯ ಕಿಳಿಮಾನೂರಿನ ರಾಜಾ ರವಿವರ್ಮ (1848–1906). 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹೂಡಿದವನು ಅವನೇ. ದೇವರ ಪಟಗಳ ಜೊತೆಗೆ ಅವನು ಇಲ್ಲಿಯ ಅರಸರಿಗೂ ನಮ್ಮ ಮೈಸೂರಿನ ಒಡೆಯರ ಮನೆತನಕ್ಕೂ ಎಣ್ಣೆಬಣ್ಣದ ಭಾವಚಿತ್ರಗಳನ್ನು ಬರೆದುಕೊಟ್ಟ. ಆ ಎಣ್ಣೆಬಣ್ಣದ ರೀತಿ ಯುರೋಪಿನಿಂದ ಬಂದದ್ದು. ಅಲ್ಲಿ ಅದು ರಾಜರ ಸೇವೆಯಲ್ಲಿ ಹೇಗೆ ಬೆಳೆಯಿತೆಂಬುದಕ್ಕೆ ಒಂದೇ ಒಂದು ಚಿತ್ರವನ್ನು ತಮ್ಮ ಮುಂದಿಡುತ್ತೇನೆ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಚಿತ್ರ ಅದು. 1701ರಲ್ಲಿ ಇಯಾಸಿಂತ್ ರಿಗೋ ಎಂಬ ಚಿತ್ರಕಾರ ಬರೆದದ್ದು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಎತ್ತರ ಒಂಬತ್ತು ಅಡಿ. ಸ್ಪೇನಿನ ಅರಸನಾದ ಮೊಮ್ಮಗನಿಗೆ ಕಳಿಸಬೇಕೆಂದು ಬರೆಸಿದ್ದು. ನೋಡಿ ಮೆಚ್ಚಿ ರಾಜನು ತಾನೇ ಇಟ್ಟುಕೊಂಡ. ಆಗ ಅವನಿಗೆ ಅರುವತ್ತು ದಾಟಿತ್ತು. ಮುಖದಲ್ಲಿ ಆ ವಯಸ್ಸು ಕಾಣುತ್ತದೆ. ಆದರೆ ಬಿಳಿಯ ಕಾಲುಚೀಲ ತೊಟ್ಟ ಕಾಲು ಮಾತ್ರ ಕುಣಿಯುವ ಹುಡುಗನದು! ಹಿಂದೆ ಕಲ್ಲಿನ ಕಂಬ, ಮೇಲೆ ಕೆಂಪು ಪರದೆ, ಸೊಂಟದಲ್ಲಿ ಖಡ್ಗ. ರಾಜದಂಡವನ್ನು ಊರುಗೋಲಿನಂತೆ ತಲೆಕೆಳಗಾಗಿ ಹಿಡಿದಿದ್ದಾನೆ. ಕಿರೀಟ ತಲೆಯ ಮೇಲಿಲ್ಲ, ಪಕ್ಕದ ದಿಂಬಿನ ಮೇಲಿದೆ. ಕಿರೀಟವಿಲ್ಲದೆಯೂ ನಾನು ರಾಜನೇ ಎಂದು ಹೇಳುವ ಠೀವಿ ಅದು.

ಆದರೂ ಚಿತ್ರದ ಹೆಚ್ಚಿನ ಪಾಲನ್ನು ತುಂಬಿರುವುದು ಬಟ್ಟೆ. ಚಿನ್ನದ ಹೂಗಳ ನೀಲಿ ಮಖಮಲ್ಲಿನ ನಿಲುವಂಗಿ, ಒಳಗೆ ಬಿಳಿಯ ತುಪ್ಪಟ, ನೆಲದ ಮೇಲೆ ಹರಡಿದ ಸೆರಗು. ಗಿರಣಿಯಲ್ಲಿ ದುಡಿದವರಿಗೆ ಒಂದು ಗಜ ಬಟ್ಟೆಯ ಹಿಂದೆ ಎಷ್ಟು ಕೈ ಇವೆಯೆಂದು ಗೊತ್ತು. ಚಿತ್ರದಲ್ಲಿ ಆ ಕೈಗಳಿಲ್ಲ. 1693–94ರಲ್ಲಿ ಅದೇ ರಾಜ್ಯದಲ್ಲಿ ಕ್ಷಾಮ ಬಿದ್ದು ಲಕ್ಷಗಟ್ಟಲೆ ಜನ ಸತ್ತಿದ್ದರು, ಅವರೂ ಇಲ್ಲ.

ಇನ್ನೊಂದು ಮಾತು. ಚಿನ್ನದ ಕಸೂತಿಯ ಒಂದು ಬಗೆಯ ನೀಲಿ ಕೋಟನ್ನು ತೊಡಲು ಲೂಯಿಯ ಆಸ್ಥಾನದ ಶ್ರೀಮಂತರಿಗೂ ಅಪ್ಪಣೆಪತ್ರ ಬೇಕಿತ್ತು. ಬಟ್ಟೆ ಬೆಲೆಬಾಳುವುದೆಂಬಷ್ಟಕ್ಕೇ ಅಧಿಕಾರದ ಗುರುತಾಗುವುದಿಲ್ಲ. ಬೇರೆಯವರು ತೊಡಕೂಡದೆಂದು ತಡೆಯಬಲ್ಲವನು ಇದ್ದಾಗಲೇ ಅದು ಗುರುತಾಗುತ್ತದೆ.

ಇದು ದೂರದ ದೇಶದ ಕತೆಯೆಂದು ತಿಳಿಯಬೇಡಿ. ನಾವು ಸೇರಿರುವ ಈ ಸೀಮೆಯಲ್ಲಿಯೂ ಬಟ್ಟೆಗೆ ಅಪ್ಪಣೆ ಬೇಕಿತ್ತು. ಇಲ್ಲಿ ಬೇಕಾಗಿದ್ದದ್ದು ಜರತಾರಿಗಲ್ಲ, ಎದೆ ಮುಚ್ಚುವ ತುಂಡು ಬಟ್ಟೆಗೆ. ದಕ್ಷಿಣ ತಿರುವಾಂಕೂರಿನ ನಾಡಾರ್ ಹೆಂಗಸರು ಮೇಲುವಸ್ತ್ರ ಹೊದ್ದರೆಂದು ಬೀದಿಯಲ್ಲಿ, ಸಂತೆಯಲ್ಲಿ ಅದನ್ನು ಹರಿದುಹಾಕಿದರು. ಹೆಂಗಸರು ಬಿಡಲಿಲ್ಲ. ದಶಕಗಳ ಕಾಲ ಹಟ ಹಿಡಿದರು. ಕೊನೆಗೆ 1859ರಲ್ಲಿ ಉತ್ರಂ ತಿರುನಾಳ್ ಮಹಾರಾಜರು ಮೈ ಮುಚ್ಚಿಕೊಳ್ಳಬಹುದೆಂದು ಆಜ್ಞೆ ಹೊರಡಿಸಿದರು. ಆಗಲೂ ಮೇಲ್ಜಾತಿಯ ಹೆಂಗಸರ ರೀತಿಯಲ್ಲಿ ಉಡಕೂಡದೆಂಬ ಕಟ್ಟು ಉಳಿಯಿತು. ಒಂದು ಮೊಳ ಬಟ್ಟೆಗೆ ಅರಸೊತ್ತಿಗೆ ಎಷ್ಟು ಅಂಜುತ್ತಿತ್ತು, ನೋಡಿ!

ಮ್ಯೂಸಿಯಂ ತೋಟ ತಂಪಾನೂರಿನಿಂದ ಬಹು ದೂರವೇನಲ್ಲ. ಬಿಡುವಿದ್ದಾಗ ಹೋಗಿ ರವಿವರ್ಮನ ಚಿತ್ರಗಳನ್ನು ನೋಡಿ. ರೇಶಿಮೆಯ ಮಡಿಕೆಯನ್ನು ಅವನು ಬರೆದ ಬಗೆಯನ್ನು ಮನಸಾರೆ ಮೆಚ್ಚಿರಿ. ಅದೂ ಒಬ್ಬ ಕೆಲಸಗಾರನ ಕೈಚಳಕವೇ. ಆದರೆ ಯಾವ ದೊಡ್ಡವರ ಪಟದ ಮುಂದೆ ನಿಂತರೂ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಬಟ್ಟೆಯನ್ನು ನೆಯ್ದವರು ಯಾರು? ಇದನ್ನು ಉಡಕೂಡದೆಂದು ಯಾರಿಗೆ ಹೇಳಿದ್ದರು? ಹೀಗೆ ಕೇಳುವವನ ತಲೆ ಪಟದ ಮುಂದೆ ತಾನಾಗಿ ಬಾಗುವುದಿಲ್ಲ.