ಬೇಟೆಗಾರನ ಜೋಳಿಗೆಯ ಎರಡು ಉಪಕರಣಗಳು



ಮಲೆನಾಡಿನ ಹಳೆಯ ಈಡುಗಾರನ ಬಳಿ ಕೇಪಿನ ಕೋವಿಯೊಂದನ್ನು ಬಿಟ್ಟರೆ ಬೇರೆ ಉಪಕರಣವೆಂಬುದು ಇರಲಿಲ್ಲ. ಯಾವ ಹಳ್ಳ ಯಾವ ಹೊಳೆಗೆ ಸೇರುತ್ತದೆಂಬ ತಿಳಿವಳಿಕೆಯೇ ಅವನ ನಕ್ಷೆ. ಮರಸು ಕುಳಿತ ಕೊಂಬೆಯಿಂದ ಹಂದಿ ಎಷ್ಟು ಮಾರು ದೂರದಲ್ಲಿದೆಯೆಂಬುದನ್ನು ಅವನ ಕಣ್ಣೇ ಅಳೆಯುತ್ತಿತ್ತು. ಆ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯೂ ಪರವಾನಗಿಯ ಬೇಟೆಗೂ ಬಾಗಿಲು ಮುಚ್ಚಿದವು. ಕಾನೂನಿನ ಕಣ್ಣಿನಲ್ಲಿ ಉರುಳು ಹಾಕುವುದೂ ಸೋವಿ ಅಟ್ಟುವುದೂ ಬೇಟೆಯೇ.

ಬೇಟೆಗೆ ಇಂದಿಗೂ ಪರವಾನಗಿ ಸಿಗುವ ದೇಶಗಳಿವೆ. ಅಮೆರಿಕದ ಪಶ್ಚಿಮದ ಬೆಟ್ಟಸಾಲುಗಳಿಗೆ ಶರತ್ಕಾಲದಲ್ಲಿ ಹೊರಡುವ ಹೊಸ ಬೇಟೆಗಾರನನ್ನು ಒಂದು ಪ್ರಶ್ನೆ ಕಾಡುತ್ತದೆ: ಕೈಯಲ್ಲಿರುವ ಹಣಕ್ಕೆ ಜಿಪಿಎಸ್ ಕೊಳ್ಳುವುದೋ, ದೂರ ಅಳೆಯುವ ರೇಂಜ್‌ಫೈಂಡರ್ ಕೊಳ್ಳುವುದೋ? ಕೋವಿ ಕೆಳಗಿಟ್ಟ ಮಲೆನಾಡಿಗೆ ಈ ಪ್ರಶ್ನೆ ಏಕೆ ಎಂದು ಕೇಳಬಹುದು. ಎರಡೂ ಉಪಕರಣಗಳು ಈಗಾಗಲೇ ಘಟ್ಟದ ಕಾಡನ್ನು ಹೊಕ್ಕಿವೆ. ಹಿಡಿದ ಕೈಗಳು ಮಾತ್ರ ಬೇರೆ. ಆದುದರಿಂದ ಅವು ಏನು ಹೇಳಬಲ್ಲವು, ಏನು ಹೇಳಲಾರವು ಎಂಬುದನ್ನು ಮೊದಲು ಅರಿಯಬೇಕು.

ರೇಂಜ್‌ಫೈಂಡರ್ ಕಣ್ಣಿಗೆ ಕಾಣದ ಬೆಳಕಿನ ಮಿಡಿತವೊಂದನ್ನು ಗುರಿಯತ್ತ ಕಳುಹಿಸಿ, ಅದು ತಟ್ಟಿ ಮರಳುವ ಸಮಯವನ್ನು ಎಣಿಸುತ್ತದೆ. ನೂರು ಮೀಟರ್ ದೂರಕ್ಕೆ ಹೋಗಿಬರಲು ಬೆಳಕಿಗೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಬೇಡ. ನಡುವೆ ಎಲೆಯೊಂದು ಅಡ್ಡ ಬಂದರೆ ಅದು ಎಲೆಯ ದೂರವನ್ನೇ ಹೇಳುತ್ತದೆ. ಮಂಜು, ಜಡಿಮಳೆಗಳಲ್ಲಿ ತಬ್ಬಿಬ್ಬಾಗುತ್ತದೆ. ಆಗುಂಬೆಯ ಆಷಾಢದಲ್ಲಿ ಅದಕ್ಕೆ ಕೆಲಸವಿಲ್ಲ.

ಜಿಪಿಎಸ್ ಯಾವುದನ್ನೂ ಕಳುಹಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ದೊರೆತರೆ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಇದನ್ನು ಕಟ್ಟಿದ್ದು ಅಮೆರಿಕದ ಸೇನೆ. 2000ದ ಮೇ ತಿಂಗಳವರೆಗೆ ನಾಗರಿಕರ ಉಪಯೋಗಕ್ಕೆ ಬಿಟ್ಟ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು; ಲೆಕ್ಕ ನೂರು ಮೀಟರಿನಷ್ಟು ಆಚೀಚೆಯಾಗುತ್ತಿತ್ತು. ಆ ಬೆರಕೆ ನಿಂತ ಮೇಲೆ ಬಯಲಿನಲ್ಲಿ ಕೆಲವೇ ಮೀಟರುಗಳ ನಿಖರತೆ ಸಾಮಾನ್ಯರ ಕೈಗೂ ಬಂತು.

ಇನ್ನು ಬೇಟೆಗಾರನ ಆಯ್ಕೆ. ಬಿಲ್ಲು ಹಿಡಿದವನಿಗೆ ದೂರವೇ ಸರ್ವಸ್ವ. ಇಂದಿನ ಬಿಲ್ಲಿನಿಂದ ಸೆಕೆಂಡಿಗೆ 85 ಮೀಟರ್ ವೇಗದಲ್ಲಿ ಹೊರಟ ಬಾಣ 40 ಮೀಟರ್ ತಲುಪಲು ಸುಮಾರು ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಒಂದು ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. 40 ಮೀಟರನ್ನು 35 ಎಂದು ಭ್ರಮಿಸಿ ಗುರಿಯಿಟ್ಟರೆ ಬಾಣ ಅರ್ಧ ಗೇಣಿಗೂ ಹೆಚ್ಚು ಕೆಳಗೆ ನಾಟುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಭಾಗವೇ ಸುಮಾರು ಒಂದು ಗೇಣು. ಐದು ಮೀಟರಿನ ಈ ತಪ್ಪಿನ ಬೆಲೆಯನ್ನು ತೆರುವುದು ಕಾಲು ಮುರಿದುಕೊಂಡು ಪೊದೆಯೊಳಗೆ ದಿನಗಟ್ಟಲೆ ನರಳುವ ಪ್ರಾಣಿ. ಇಳಿಜಾರಿನಲ್ಲಿ ಇನ್ನೊಂದು ತೊಡಕಿದೆ. 30 ಡಿಗ್ರಿ ಇಳಿಜಾರಿನಲ್ಲಿ ಕಣ್ಣಿನ ನೇರಕ್ಕೆ 40 ಮೀಟರ್ ಇದ್ದರೆ ನೆಲಮಟ್ಟದ ದೂರ ಸುಮಾರು 35 ಮಾತ್ರ, ಮತ್ತು ಬಾಣದ ಬೀಳುವಿಕೆ ಈ ಎರಡನೆಯ ದೂರವನ್ನೇ ಅನುಸರಿಸುತ್ತದೆ. ಹೀಗಾಗಿ ಬಿಲ್ಲುಗಾರನಿಗೆ ರೇಂಜ್‌ಫೈಂಡರ್ ಐಷಾರಾಮವಲ್ಲ.

ರೈಫಲ್ ಹಿಡಿದವನ ಮಾತು ಬೇರೆ. ನೂರೈವತ್ತು ಮೀಟರಿನೊಳಗೆ ಗುಂಡಿನ ಹಾದಿ ಬಹುಮಟ್ಟಿಗೆ ನೇರವೇ. ಐದು ಮೀಟರಿನ ತಪ್ಪು ಲೆಕ್ಕಕ್ಕೇ ಬರದು. ಅಂಥವನ ಕೈಯಲ್ಲಿ ರೇಂಜ್‌ಫೈಂಡರ್ ದುರಾಸೆಯನ್ನೂ ಹುಟ್ಟಿಸುತ್ತದೆ. 700 ಮೀಟರ್ ಎಂದು ಅಂಕಿ ಮೂಡಿದೊಡನೆ ಹೊಡೆಯಬಹುದೆಂಬ ಧೈರ್ಯ ಬರುತ್ತದೆ. ಅಷ್ಟು ದೂರಕ್ಕೆ ಗುಂಡು ಮುಟ್ಟಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಹಿಡಿಯುತ್ತದೆ. ಆ ಒಂದು ಸೆಕೆಂಡಿನಲ್ಲಿ ಪ್ರಾಣಿ ಒಂದು ಹೆಜ್ಜೆ ಮುಂದಿಟ್ಟರೆ ಏನಾದೀತೆಂಬುದನ್ನು ಯಂತ್ರ ಹೇಳುವುದಿಲ್ಲ.

ರೈಫಲಿನವನಿಗೆ ಜಿಪಿಎಸ್ ಹೆಚ್ಚು ಬೇಕು. ದಾರಿ ತಪ್ಪದಿರಲು ಮಾತ್ರವಲ್ಲ, ಕಾಲ ಕೆಳಗಿನ ನೆಲ ಯಾರದೆಂದು ತಿಳಿಯಲು. ವಯೋಮಿಂಗ್ ರಾಜ್ಯದಲ್ಲಿ ನಡೆದದ್ದನ್ನು ನೋಡಿ. 1862ರ ಕಾನೂನಿನಂತೆ ರೈಲ್ವೆ ಕಂಪನಿಗಳಿಗೆ ಒಂದು ಚದರ ಮೈಲಿಯ ತುಂಡುಗಳನ್ನು ಒಂದು ಬಿಟ್ಟು ಒಂದರಂತೆ ಕೊಡಲಾಯಿತು. ಅದರ ಫಲವಾಗಿ ಅಲ್ಲಿನ ನೆಲ ಇಂದಿಗೂ ಚದುರಂಗದ ಹಾಸಿನಂತಿದೆ: ಒಂದು ಮನೆ ಖಾಸಗಿ, ಪಕ್ಕದ್ದು ಸಾರ್ವಜನಿಕ. ಸಾರ್ವಜನಿಕ ತುಂಡಿನಿಂದ ಇನ್ನೊಂದು ಸಾರ್ವಜನಿಕ ತುಂಡಿಗೆ ದಾಟಲು ಇರುವುದು ಎರಡರ ಮೂಲೆಗಳು ಕೂಡುವ ಒಂದೇ ಒಂದು ಬಿಂದು. 2021ರಲ್ಲಿ ನಾಲ್ವರು ಬೇಟೆಗಾರರು ಎಲ್ಕ್ ಮೌಂಟನ್ ಎಂಬಲ್ಲಿ ಅಂಥ ಮೂಲೆಯನ್ನು ಪತ್ತೆ ಹಚ್ಚಿ, ಖಾಸಗಿ ನೆಲವನ್ನು ಮೆಟ್ಟದಂತೆ ಏಣಿಯಿಟ್ಟು ದಾಟಿದರು. ಅತಿಕ್ರಮಣದ ಮೊಕದ್ದಮೆಯಾಯಿತು. 2022ರಲ್ಲಿ ಜ್ಯೂರಿ ಅವರನ್ನು ನಿರ್ದೋಷಿಗಳೆಂದಿತು. ಜಮೀನಿನ ಮಾಲೀಕರು ಹೂಡಿದ ಪರಿಹಾರದ ದಾವೆಯಲ್ಲಿಯೂ 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರವಾಗಿಯೇ ತೀರ್ಪಿತ್ತಿತು. ಬಿಂದುವಿನ ಹತ್ತಿರಕ್ಕೆ ಯಂತ್ರ ಕರೆದೊಯ್ಯಬಲ್ಲದು. ಬಿಂದು ನಿಖರವಾಗಿ ಯಾವುದೆಂದು ಹೇಳುವುದು ಮೋಜಣಿದಾರರು ನೆಲದಲ್ಲಿ ಹೂತ ಗುರುತು.

ಗಡಿಕಲ್ಲಿನ ಈ ಮಾತು ಮಲೆನಾಡಿಗೆ ಹೊಸತಲ್ಲ. ಇಲ್ಲಿ ಜಿಪಿಎಸ್ ಮುಖ್ಯವಾದದ್ದು 2006ರ ಅರಣ್ಯ ಹಕ್ಕು ಕಾಯಿದೆಯ ನಂತರ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಎಲ್ಲೆಗಳನ್ನೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳೆಂಬ ನೆಲೆಗಳನ್ನೂ ಸಂಶೋಧಕರ ಜೊತೆ ನಡೆದು ಜಿಪಿಎಸ್‌ನಲ್ಲಿ ಗುರುತಿಸಿದರು. ಹಿರಿಯರ ನೆನಪಿನಲ್ಲಿದ್ದ ನೂರಾರು ತಾಣಗಳು ನಕ್ಷೆಗೆ ಬಂದವು. 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶವಾಗಿದ್ದೂ, ಅಲ್ಲಿ ಸಮುದಾಯದ ಅರಣ್ಯ ಹಕ್ಕುಗಳಿಗೆ ಮಾನ್ಯತೆ ದೊರೆಯಿತು.

ಆದರೆ ಒಂದು ಗುಂಟೆಯ ಬದಿ 33 ಅಡಿ, ಅಂದರೆ ಸುಮಾರು 10 ಮೀಟರ್. ದಟ್ಟ ಮರಗಳಡಿಯಲ್ಲಿ, ಕಡಿದಾದ ಕಣಿವೆಯಲ್ಲಿ ಅಗ್ಗದ ಜಿಪಿಎಸ್ ಮಾಡುವ ತಪ್ಪೂ ಹೆಚ್ಚುಕಡಿಮೆ ಅಷ್ಟೇ. ನೂರಾರು ಎಕರೆಯ ಸಮುದಾಯ ಕಾಡಿಗೆ ಆ ತಪ್ಪು ನಗಣ್ಯ. ಹತ್ತು ಗುಂಟೆಯ ತುಂಡಿನ ಬಡ ಹಿಡುವಳಿದಾರನಿಗೆ ಅದೇ ಮಾರಕ. ಯಂತ್ರದ ಅಂಕಿ ತಮ್ಮ ಗದ್ದೆಯನ್ನು ಕಾಡಿನೊಳಗೆ ತೋರಿಸಿತೆಂದು ಯಾರೂ ಎದೆಗುಂದಬೇಕಿಲ್ಲ. ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಬರಹದಲ್ಲಿಳಿಸಿದರೆ ಅದನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ.

ರೇಂಜ್‌ಫೈಂಡರ್ ಘಟ್ಟದ ಕಾಡಿಗೆ ಬಂದದ್ದು ಪ್ರಾಣಿಗಳ ಎಣಿಕೆಗಾಗಿ. 1980ರ ದಶಕದ ಕೊನೆಯ ವರ್ಷಗಳಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಜಿಂಕೆ, ಕಡವೆ, ಕಾಟಿಗಳ ಸಾಂದ್ರತೆಯನ್ನು ಅಂದಾಜು ಮಾಡಿದ್ದು ನೇರ ದಾರಿಗಳಲ್ಲಿ ನಡೆದು, ಕಂಡ ಪ್ರಾಣಿಯ ದೂರವನ್ನೂ ಕೋನವನ್ನೂ ಅಳೆದು. ದಾರಿಗೆ 30 ಡಿಗ್ರಿ ಕೋನದಲ್ಲಿ 60 ಮೀಟರ್ ದೂರ ಕಂಡ ಕಾಟಿ ದಾರಿಯಿಂದ 30 ಮೀಟರ್ ಆಚೆಗಿದೆ. ದಾರಿಯ ಮೇಲಿನ ಪ್ರಾಣಿ ಕಣ್ತಪ್ಪುವುದಿಲ್ಲ, ದೂರ ಹೋದಂತೆ ಕಣ್ತಪ್ಪುವವು ಹೆಚ್ಚು. ಈ ದೂರಗಳ ಪಟ್ಟಿಯಿಂದಲೇ ಕಾಣದೆ ಉಳಿದವುಗಳನ್ನೂ ಲೆಕ್ಕಕ್ಕೆ ತರುತ್ತಾರೆ. ಇಲ್ಲಿ ಕಣ್ಣಂದಾಜು ನಡೆಯದು. ಜನರು 18ನ್ನು 20 ಎನ್ನುತ್ತಾರೆ, 47ನ್ನು 50 ಎನ್ನುತ್ತಾರೆ, ಲೆಕ್ಕವೆಲ್ಲ ಕೆಡುತ್ತದೆ.

ಹಳ್ಳಿಯ ಗುಂಪೊಂದರ ಬಳಿ ಒಂದೇ ಉಪಕರಣಕ್ಕೆ ಹಣವಿದ್ದರೆ? ಸಾಮಾನ್ಯ ಜಿಪಿಎಸ್ ಈಗ ಹುಡುಗರ ಜೇಬಿನ ಮೊಬೈಲಿನಲ್ಲಿಯೇ ಇದೆ. ಅಂತರ್ಜಾಲ ಸಿಗದ ಕಣಿವೆಯಲ್ಲಿಯೂ ಆಕಾಶ ಕಂಡರೆ ಅದು ಜಾಗವನ್ನು ಹಿಡಿಯುತ್ತದೆ. ಸಮುದಾಯದ ಗಡಿ ನಡೆಯಲು ಅದನ್ನೇ ಪಳಗಿಸಿಕೊಂಡರೆ ಸಾಕು. ರೇಂಜ್‌ಫೈಂಡರನ್ನು ಕೊಳ್ಳಬೇಕಾದದ್ದು ವರ್ಷ ವರ್ಷವೂ ಅದೇ ದಾರಿಗಳಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಎಣಿಕೆ ನಡೆಸುವ ಪಣ ತೊಟ್ಟವರು ಮಾತ್ರ. ಒಂದು ಬೇಸಿಗೆಯ ಉತ್ಸಾಹಕ್ಕೆ ಕೊಂಡರೆ ಅದು ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತದೆ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಕಾಟಿ ನೀರಿಗಿಳಿಯುವ ಕಡವಿನ, ಮಂಗಟ್ಟೆಯ ಗೂಡಿರುವ ಮರದ ಜಿಪಿಎಸ್ ಅಂಕಿಗಳನ್ನು ಹೆಮ್ಮೆಯಿಂದ ಎಲ್ಲರಿಗೂ ಹಂಚುವವರಿದ್ದಾರೆ. ಉರುಳು ಹಾಕುವವನಿಗೂ ಮೊಬೈಲಿದೆ. ಅಂಥ ಅಂಕಿಗಳು ಗುಂಪಿನ ಪುಸ್ತಕದಲ್ಲಿರಲಿ. ಗಡಿಯ ಅಂಕಿಗಳನ್ನು ತೆಗೆಯುವಾಗ ಪ್ರತಿ ಕಲ್ಲಿನ ಬಳಿ ಐದು ನಿಮಿಷ ನಿಂತು, ಎರಡು ಬೇರೆ ದಿನ ಅಳೆದು, ಪಕ್ಕದಲ್ಲಿ ಮರದ ಹೆಸರು, ಹಳ್ಳದ ಹೆಸರು, ಜೊತೆಗೆ ನಡೆದ ಹಿರಿಯರ ಹೆಸರು ಮತ್ತು ರುಜುವನ್ನು ಕೈಬರಹದಲ್ಲಿಯೇ ದಾಖಲಿಸಬೇಕು. ಮಳೆಗಾಲಕ್ಕೆ ಮುಂಚೆ ಗಡಿ ನಡೆಯುವುದು ಲೇಸು. ಜೂನ್ ಬಂದರೆ ಕಲ್ಲುಗಳೆಲ್ಲ ಪೊದೆಯಲ್ಲಿ ಮುಚ್ಚಿಹೋಗಿರುತ್ತವೆ.