ಹಳ್ಳದ ಹಾಜರಿ ಪುಸ್ತಕ

(ಗಿರಣಿ ಕಾರ್ಮಿಕರೂ ಪೇಟೆಯ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹಳ್ಳದ ನೀರು ಕೆಟ್ಟಿದೆಯೆಂದು ನಾವೆಲ್ಲರೂ ಹೇಳುತ್ತೇವೆ. ಕೆಡಿಸಿದವರಾರು ಎಂದು ಕೇಳಿದರೆ ಗಿರಣಿಯವರು ನಗರಸಭೆಯ ಕಡೆ ಬೆರಳು ತೋರಿಸುತ್ತಾರೆ, ನಗರಸಭೆಯವರು ಗಿರಣಿಯ ಕಡೆ. ಇಬ್ಬರೂ ಕೂಡಿ ದಡದಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳನ್ನು ಗದರಿಸುತ್ತಾರೆ. ಈ ವ್ಯಾಜ್ಯ ತೀರಬೇಕಾದರೆ ಹಳ್ಳವನ್ನೇ ಸಾಕ್ಷಿಗೆ ಕರೆಯಬೇಕು. ಕರೆಯುವ ಬಗೆ ಯಾವುದೆಂಬುದನ್ನು ಇಂದು ಹೇಳಬೇಕೆಂದಿದ್ದೇವೆ.

ಸಣ್ಣ ಹಳ್ಳಕ್ಕೆ ಇಷ್ಟು ಮಾತೇಕೆ ಎನ್ನುವವರು ಬೆಂಗಳೂರಿನ ವೃಷಭಾವತಿಯನ್ನು ಒಮ್ಮೆ ನೋಡಿ ಬರಲಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಜನ ನಂಬಿಕೊಂಡು ಬಂದ ತೊರೆ ಅದು. ಇಂದು ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ಅದನ್ನು ಮೋರಿ ಎನ್ನುತ್ತಾರೆ. ಊರಿನ ಕೊಳಚೆಯೂ ಕಾರ್ಖಾನೆಗಳ ನೀರೂ ಕೂಡಿ ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ಬಂದು ನೊರೆಯೇಳುತ್ತವೆ. ಮುಂದೆ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ತೊರೆಯೊಂದು ಒಂದೇ ದಿನದಲ್ಲಿ ಮೋರಿಯಾಗುವುದಿಲ್ಲ. ಮೊದಲು ಕಲ್ಲಿನಡಿಯ ಒಂದು ಹುಳು ಕಾಣೆಯಾಗುತ್ತದೆ, ಆಮೇಲೆ ಮೀನು. ಮೂಗಿಗೆ ತಿಳಿಯುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಅಧಿಕಾರಿಗಳು ಬಂದು ಸೀಸೆಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಅದೂ ಬೇಕಾದ ಕೆಲಸವೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು, ಮೀನು ಸಾಕುವ ನೀರಿನಲ್ಲಿ 4. ಕೊಳೆ ಬಿದ್ದಷ್ಟೂ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚಿ, ಈ ಉಸಿರನ್ನು ಮುಗಿಸಿಬಿಡುತ್ತವೆ. ಆದರೆ ಸೀಸೆ ಹೇಳುವುದು ಆ ಗಳಿಗೆಯ ಸುದ್ದಿಯನ್ನಷ್ಟೇ. ರಾತ್ರಿ ಎರಡು ಗಂಟೆಗೆ ಬಣ್ಣದ ತೊಟ್ಟಿಯ ನೀರು ಬಿಟ್ಟರೆ, ಮರುದಿನ ಹನ್ನೊಂದಕ್ಕೆ ಬರುವ ಜೀಪಿಗೆ ಅದು ಸಿಕ್ಕುವುದೆಲ್ಲಿ? ಮೂರನೆಯ ಪಾಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಲಿನಡಿಯ ಹುಳುವಿಗೆ ಪಾಳಿಯಿಲ್ಲ. ವಾರಗಟ್ಟಲೆ ಹಗಲೂ ರಾತ್ರಿ ಅಲ್ಲೇ ಇರುತ್ತದೆ. ಒಂದು ರಾತ್ರಿಯ ವಿಷವೂ ಅದರ ಹಾಜರಿಯಲ್ಲಿ ದಾಖಲಾಗುತ್ತದೆ. ಬಾಲದಲ್ಲಿ ಸಾಮಾನ್ಯವಾಗಿ ಮೂರು ಎಳೆಯಿದ್ದು, ಹೊಟ್ಟೆಯ ಪಕ್ಕದಲ್ಲಿ ಕಿವಿರು ಅಲುಗಿಸುವ ಹುಳುವೊಂದುಂಟು. ಮೇಫ್ಲೈ ಎಂಬ ನೊಣದ ಮರಿ ಅದು. ಮರಳಿನ ಕಣಗಳನ್ನೋ ಕಡ್ಡಿಚೂರುಗಳನ್ನೋ ಅಂಟಿಸಿಕೊಂಡು ಗೂಡು ಕಟ್ಟಿಕೊಳ್ಳುವ ಹುಳು ಇನ್ನೊಂದು. ಇಂಥವು ಹಲವು ಜಾತಿಯವು ಸಿಕ್ಕಿದರೆ ನೀರಿನಲ್ಲಿ ಉಸಿರಿದೆಯೆಂದು ತಿಳಿಯಿರಿ. ಕೆಸರಿನಲ್ಲಿ ಬರಿಯ ಕೆಂಪು ಹುಳುಗಳೇ ತುಂಬಿದ್ದರೆ ಉಸಿರು ಕಟ್ಟಿದೆಯೆಂದು ಅರ್ಥ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅವುಗಳಲ್ಲಿಯೂ ಇದೆ. ಆ ಬಲದಿಂದ ಇತರರು ಸಾಯುವಲ್ಲಿ ಅವು ಬದುಕುತ್ತವೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಇಂಥ ಜೀವಿಗಳ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕ ಕೊಡುವ ಪದ್ಧತಿ ಮಾಡಿದರು. ಸೂಕ್ಷ್ಮವಾದ ಮೇಫ್ಲೈ ಕುಟುಂಬಗಳಿಗೆ 10, ಕೊಳಕಿಗೆ ಹೆದರದ ಕೆಸರು ಎರೆಹುಳುವಿಗೆ 1. ನಮ್ಮ ಶಾಲೆಗಳ ಅಂಕಪಟ್ಟಿಗಿಂತ ಇದು ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ.

ಒಂದೇ ಕಡೆ ನೋಡಿದರೆ ಸಾಲದು. ಊರಿನ ಮೇಲ್ಗಡೆ ಒಂದು, ನಗರಸಭೆಯ ಮೋರಿ ಕೂಡಿದ ಮೇಲೆ ಒಂದು, ಗಿರಣಿಯ ಕಾಲುವೆಯ ಕೆಳಗೆ ಒಂದು, ಹೀಗೆ ಮೂರು ಜಾಗ. ಮೇಲ್ಗಡೆ ಹತ್ತು ಬಗೆ ಸಿಕ್ಕಿ ಮೋರಿಯ ಕೆಳಗೆ ಮೂರೇ ಉಳಿದರೆ, ಗಿರಣಿಗಿಂತ ಮೊದಲು ನಗರಸಭೆಯನ್ನು ಕೇಳಬೇಕು. ಈ ಮಾತು ಕೆಲವರಿಗೆ ಹಿಡಿಸದಿರಬಹುದು. ಆದರೆ 2020-21ರ ಕೇಂದ್ರ ಮಂಡಳಿಯ ಲೆಕ್ಕದಂತೆ ದೇಶದ ನಗರಗಳು ದಿನಕ್ಕೆ ಹೊರಬಿಡುತ್ತಿದ್ದ ಕೊಳಚೆ ಸುಮಾರು 7,236 ಕೋಟಿ ಲೀಟರು, ಶುದ್ಧಿಯಾಗುತ್ತಿದ್ದುದು ಸುಮಾರು 2,023 ಕೋಟಿ. ಹೋಟೆಲಿನ ಎಂಜಲು ನೀರೂ ಗ್ಯಾರೇಜಿನ ಎಣ್ಣೆಯೂ ಅದೇ ಮೋರಿಗೆ ಬೀಳುತ್ತವೆಂದು ವರ್ತಕ ಬಂಧುಗಳಿಗೆ ನೆನಪಿಸುತ್ತೇವೆ.

ಇನ್ನು ಗಿರಣಿಯ ಮಾತು. ಹಳ್ಳದ ಸುದ್ದಿ ಎತ್ತಿದರೆ ಬಾಗಿಲು ಮುಚ್ಚುತ್ತಾರೆಂಬ ಭಯ ನಿಮ್ಮಲ್ಲಿದೆ. ಅದು ಸುಳ್ಳು ಭಯವಲ್ಲ. 1974ರ ಜಲ ಕಾಯಿದೆಗೆ 1988ರಲ್ಲಿ ಸೇರಿಸಿದ 33ಎ ಕಲಮಿನಂತೆ ಕಾರ್ಖಾನೆ ಮುಚ್ಚಿಸಲು, ವಿದ್ಯುತ್ತು ಕಡಿಯಲು ಆಜ್ಞೆ ಮಾಡುವ ಅಧಿಕಾರ ಮಂಡಳಿಗುಂಟು. ಮುಚ್ಚಿದ ದಿನ ಮಾಲೀಕನ ಮನೆಯ ಒಲೆ ಆರುವುದಿಲ್ಲ, ನಮ್ಮದು ಆರುತ್ತದೆ. ಆದುದರಿಂದಲೇ ಸಂಘ ಮುಂಚಿತವಾಗಿ ಲೆಕ್ಕವಿಟ್ಟುಕೊಂಡು, ಶುದ್ಧೀಕರಣ ಘಟಕವನ್ನು ರಾತ್ರಿಯೂ ನಡೆಸಬೇಕೆಂಬುದನ್ನು ಬೋನಸ್ಸಿನ ಬೇಡಿಕೆಯ ಜೊತೆಗೇ ಇಡಬೇಕು.

ನಮ್ಮ ಹುಳುವಿನ ಲೆಕ್ಕ ಕಾಯಿದೆಯ ಮಾದರಿಯಾಗಲಾರದು. 21ನೆಯ ಕಲಮಿನಂತೆ ಮಂಡಳಿಯವರು ನೋಟೀಸು ಕೊಟ್ಟು, ಮಾದರಿಯನ್ನು ಎರಡು ಪಾಲು ಮಾಡಿ ಮೊಹರು ಹಾಕಬೇಕು. ಆದರೆ ಯಾವ ಜಾಗದಲ್ಲಿ ಸೀಸೆ ಅದ್ದಬೇಕೆಂದು ತೋರಿಸಲು ನಮ್ಮ ಲೆಕ್ಕ ಸಾಕು. ಬೇಸಗೆಯಲ್ಲಿ ಒಣಗುವ ಹಳ್ಳಕ್ಕೆ ಕಾಯಿದೆ ಅನ್ವಯಿಸದೆಂದು ಯಾರಾದರೂ ಹೇಳಿದರೆ ನಂಬಬೇಡಿ; ಸದ್ಯಕ್ಕೆ ಒಣಗಿರುವ ಜಲಮಾರ್ಗವೂ ಆ ಕಾಯಿದೆಯ ಅರ್ಥದಲ್ಲಿ ತೊರೆಯೇ.

ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ಮೇಲಿನ ಸೇತುವೆಯ ಬಳಿ ಸೇರೋಣ. ಹಳೆಯ ಸೊಳ್ಳೆಪರದೆಯ ತುಂಡು, ಅದನ್ನು ಕಟ್ಟಲು ಎರಡು ಕೋಲು, ಒಂದು ಬಿಳಿಯ ತಟ್ಟೆ ಸಾಕು. ಪರದೆಯನ್ನು ಹರಿವಿಗೆ ಅಡ್ಡ ಹಿಡಿದು, ಅದರ ಮೇಲ್ಗಡೆಯ ಕಲ್ಲುಗಳನ್ನು ಕಾಲಿನಿಂದ ಕದಡಿದರೆ ಹುಳುಗಳು ತೇಲಿ ಬಂದು ಸಿಕ್ಕಿಕೊಳ್ಳುತ್ತವೆ. ಎಣಿಸಿ ಬರೆದುಕೊಂಡು ನೀರಿಗೇ ಬಿಡುವುದು. ದೊಡ್ಡ ಮಳೆ ಬಂದರೆ ಎರಡು ಮೂರು ವಾರ ಮುಂದೂಡುತ್ತೇವೆ, ಪ್ರವಾಹಕ್ಕೆ ಹುಳುಗಳು ಕೊಚ್ಚಿಹೋಗಿರುತ್ತವೆ. ಕೈಕಾಲಿನಲ್ಲಿ ಗಾಯವಿದ್ದವರು ನೀರಿಗಿಳಿಯಬಾರದು, ಇಲಿಜ್ವರದ ಅಪಾಯವಿದೆ. ಅವರು ದಡದಲ್ಲಿ ಕುಳಿತು ಪುಸ್ತಕ ಬರೆಯಲಿ.